ತೀರ್ಥಹಳ್ಳಿಯಿಂದ ಬಂದ ಬ್ರೇಕ್ ಪೈಪು

ಅಕ್ಕನ ಗಂಡ, ಅಂದರೆ ನಮ್ಮ ಭಾವ, ನನ್ನ ಬೈಕ್ ಒಯ್ದು ಅದಕ್ಕೆ ದನದ ಹಿಂಡಿ ಮೂಟೆ ಕಟ್ಟುವಾಗ ಬ್ರೇಕ್ ಪೈಪಿಗೇ ಹಗ್ಗ ಬಿಗಿದಿದ್ದ. ಮಿಮಿಕ್ರಿಗೆ ಮೊದಲ ಸಲ ವೇದಿಕೆ ಸಿಕ್ಕಿತೆಂದು ನಾನು ಸಾಗರದಿಂದ ತೀರ್ಥಹಳ್ಳಿಗೆ ಹೊರಟರೆ, ಹೊಸನಗರದ ಹತ್ತಿರ ಹಿಂದಿನ ಬ್ರೇಕೇ ಹಿಡಿಯಲಿಲ್ಲ.

"ಪೈಪ್ ಸೀಳಿ ಆಯಿಲೆಲ್ಲ ಹೋಗಿದೆ ಮಾರಾಯ್ರೆ. ಹೊಸದು ತೀರ್ಥಹಳ್ಳಿಯಿಂದ ಬಸ್ಸಲ್ಲಿ ಬರ್ಬೇಕು," ಎಂದರು ಮೆಕ್ಯಾನಿಕ್.

ನಾನೇ ಬಸ್ ಹತ್ತಬಹುದಿತ್ತೆಂದು ಈ ಮಹಾಕಲಾವಿದನಿಗೆ ಹೊಳೆದದ್ದು ಪೈಪು ಬಂದ ಮೇಲೆ. ಅದನ್ನು ಕೂರಿಸಿ, ಆಯಿಲ್ ತುಂಬಿ, ಪೈಪಿನೊಳಗಿನ ಗಾಳಿ ತೆಗೆಯುವಷ್ಟರಲ್ಲಿ ಕಾರ್ಯಕ್ರಮ ಮುಗಿದಿತ್ತು.

ಮನೆಯಲ್ಲಿ ಬಾಯಿ ತೆರೆದರೆ ಅಮ್ಮ ಕಣ್ಣು ಬಿಟ್ಟು ತಡೆದಳು: "ಅಳಿಯಂಗೆ ಎಂತೂ ಹೇಳಡ."

ಸರಿ, ಭಾವ ಏದುಸಿರು ಬಿಡುತ್ತ ಹಗ್ಗ ಬಿಗಿಯುವುದನ್ನೇ ಎಲ್ಲರೆದುರು ಅಣಕಿಸಿದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವನೇ. ಕಣ್ಣೊರೆಸಿಕೊಂಡು ಕೈ ಚಾಚಿದ: "ಇನ್ನೊಂದು ಮೂಟೆ ಇದ್ದು. ಕೀ ಕೊಡು."

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕೊಟ್ಟೆ.