ಸಾಹೇಬ್ರ, ಒಮ್ಮೆ ಇಲ್ಲ ಅನ್ರಿ

ಬನಹಟ್ಟಿ ಕಡೆಯ ನಮ್ಮೂರಿನ ಓಣಿಯಲ್ಲಿ ಬೆಳಗಾದರೆ ನಮ್ಮ ಕಾಕಾ ಕೈಮಗ್ಗದ ಸೀರೆಗೆ ಹಾಸು ಹೂಡುತ್ತಾನೆ. ಉದ್ದನೆಯ ಎಳೆಗಳನ್ನು ಓಣಿಯುದ್ದಕ್ಕೂ ಬಿಗಿದು, ಗೂಟಕ್ಕೆ ಕಟ್ಟಿ, ಗಂಜಿ ಹಚ್ಚುವ ಕೆಲಸ. ಸ್ಕೂಟರು, ಎಮ್ಮೆ ಎಲ್ಲ ಬದಿಗೆ ಸರಿದು ಹೋಗುತ್ತವೆ. ಹೋದ ವರ್ಷ ಪುರಸಭೆಯವರು ಹಿರಿಯರು ಕೂರಲೆಂದು ಸಿಮೆಂಟ್ ಬೆಂಚು ತಂದರು. ಊರಲ್ಲಿ ಬೇರೆ ಜಾಗವೇ ಸಿಗಲಿಲ್ಲವೇನೋ, ಸರಿಯಾಗಿ ಕಾಕಾನ ಗೂಟದ ಜಾಗದಲ್ಲೇ ನೆಟ್ಟರು. ಹಾಸು ನಿಂತಿತು, ಮಗ್ಗ ನಿಂತಿತು, ಕಾಕಾನ ಬಾಯಿ ಮಾತ್ರ ನಿಲ್ಲಲಿಲ್ಲ.

ಹಾಸನ್ನು ಆ ಬೆಂಚಿಗೇ ಕಟ್ಟಿರಿ ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ಹೇಳಿದಳು. ಸರ್ಕಾರಿ ಬೆಂಚಿಗೆ ತನ್ನ ನೂಲು ಮುಟ್ಟಿಸುವುದಿಲ್ಲವೆಂದು ಕಾಕಾ ಹಟ ಹಿಡಿದು, ಬೆಂಚು ಕೀಳಿಸಿರೆಂದು ಪುರಸಭೆಗೆ ಎಡತಾಕಿದ. ಹೋದಾಗಲೆಲ್ಲ ಅಲ್ಲಿನ ಸಾಹೇಬರು ಕುರ್ಚಿ ಕೊಟ್ಟು, ಚಹಾ ತರಿಸಿ, "ಮಾಡೂಣ್ರಿ" ಎನ್ನುತ್ತಿದ್ದರು. ನಮ್ಮ ಕಡೆ ಮುಖದ ಮೇಲೆ ಇಲ್ಲ ಎನ್ನುವುದು ಮರ್ಯಾದೆಯಲ್ಲ. ಮಾಡೂಣ್ರಿ ಎಂದರೆ ಆಗುವುದಿಲ್ಲ ಎಂದೇ ಲೆಕ್ಕ.

ಜಮಖಂಡಿಯಲ್ಲಿ ಹೊಸದಾಗಿ ವಕೀಲಿಕೆಗೆ ಇಳಿದಿದ್ದ ನನ್ನ ಬೆನ್ನಿಗೆ ಬಿದ್ದ ಕಾಕಾ, ಹೈಕೋರ್ಟಿನಿಂದ ರಿಟ್ ತಾ ಎಂದ. ಅವನನ್ನು ಧಾರವಾಡದ ಹಿರಿಯ ವಕೀಲರ ಮುಂದೆ ಕೂರಿಸಿದೆ. ಅಧಿಕಾರಿಗೆ ನಿನ್ನ ಕೆಲಸ ಮಾಡು ಎಂದು ಕೋರ್ಟು ಹೇಳಬೇಕಾದರೆ ನೀವು ಮೊದಲು ಬರೆದು ಕೇಳಿರಬೇಕು, ಅವರು ಇಲ್ಲ ಎಂದಿರಬೇಕು ಅಥವಾ ಉತ್ತರ ಕೊಡದೆ ಕೂತಿರಬೇಕು, ಇಲ್ಲದಿದ್ದರೆ ಅರ್ಜಿ ವಜಾ ಎಂದರು ಅವರು.

"ಇಲ್ಲ ಅಂದಿಲ್ರಿ, ಚಹಾ ಕೊಟ್ಟಾರ" ಎಂದ ಕಾಕಾ. ನನಗೆ ನಾಚಿಕೆಯಿಂದ ಮೇಜಿನ ಕೆಳಗೆ ಸೇರಿಕೊಳ್ಳುವಂತಾಯಿತು.

ಊರಿಗೆ ಬಂದವರೇ ಪುರಸಭೆಗೆ ಅರ್ಜಿ ಕೊಟ್ಟೆವು. ಕಾಕಾ ಅಷ್ಟಕ್ಕೇ ಸುಮ್ಮನಾಗದೆ, "ಸಾಹೇಬ್ರ, ಒಮ್ಮೆ ಇಲ್ಲ ಅನ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಗೋಗರೆದ.

ಸಾಹೇಬರಿಗೆ ನಿಜಕ್ಕೂ ನೋವಾಯಿತು. "ಹಿರ್ಯಾರಿಗೆ ಇಲ್ಲ ಅಂತ ಹೆಂಗ ಅನ್ಲಿರಿ?" ಎಂದರು. ಅವತ್ತು ಚಹಾದ ಜೊತೆ ಮಿರ್ಚಿ ಭಜಿಯೂ ಬಂತು.

ಅರ್ಜಿಗೆ ಉತ್ತರ ಬರಲೇ ಇಲ್ಲ. ನಮಗೆ ಬೇಕಾದದ್ದೂ ಅದೇ, ರಿಟ್ ಹಾಕಿದೆವು. ಧಾರವಾಡದ ಹೈಕೋರ್ಟ್ ಪೀಠದಲ್ಲಿ ನ್ಯಾಯಮೂರ್ತಿಗಳು ಬೆಂಚು ಕೀಳಿ ಎನ್ನಲಿಲ್ಲ, ಅದು ಅಧಿಕಾರಿಗೆ ಬಿಟ್ಟದ್ದು, ಆದರೆ ಹೌದೋ ಇಲ್ಲವೋ ಬರೆದು ತಿಳಿಸಲೇಬೇಕು ಎಂದು ಆಜ್ಞೆ ಮಾಡಿದರು.

ಗೆದ್ದ ಖುಷಿಯಲ್ಲಿ ಓಣಿಗೆ ಬಂದರೆ ಹಾಸು ಹೂಡಿಯಾಗಿತ್ತು. ನಾವಿಲ್ಲದ ಹೊತ್ತು ನೋಡಿ ಕಾಕು ಅದನ್ನು ಬೆಂಚಿನ ಕಾಲಿಗೇ ಬಿಗಿದಿದ್ದಳು. ಕಾಕಾ ಎಳೆಗಳನ್ನು ಬೆರಳಿನಿಂದ ಮೀಟಿ ನೋಡಿದ. ಗೂಟಕ್ಕೆ ಕಟ್ಟಿದಾಗ ಎಂದೂ ಅಷ್ಟು ಬಿಗಿ ಬಂದಿರಲಿಲ್ಲ. ಗಂಜಿ ಹಚ್ಚತೊಡಗಿದ. ಮಗ್ಗ ಮತ್ತೆ ಸದ್ದು ಮಾಡಿತು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ, ಕೋರ್ಟಿಗೆ ಹೆದರಿದ ಸಾಹೇಬರು ಹೌದು ಎಂದು ತೀರ್ಮಾನಿಸಿ, ಹಾರೆ ಹಿಡಿದ ಆಳುಗಳೊಂದಿಗೆ ತಾವೇ ಬಂದರು. ಬೆಂಚಿಗೆ ಹಸಿ ಗಂಜಿಯ ಹಾಸು ಕಟ್ಟಿತ್ತು. ಕಾಕಾನ ಮುಖ ಬಾಡಿತು. ಮನೆಬಾಗಿಲಿಗೆ ಬಂದ ಸಾಹೇಬರಿಗೆ ಬೇಡ ಎನ್ನುವುದಾದರೂ ಹೇಗೆ?

"ಕೀಳೂಣ್ರಿ ಸಾಹೇಬ್ರ, ಮೊದ್ಲ ಚಹಾ ಕುಡೀರಿ" ಎಂದ.

ಸಾಹೇಬರು ಹಾಸು ನೋಡಿದರು, ಕಾಕಾನ ಮುಖ ನೋಡಿದರು. ಆ ಮಾತಿನ ಅರ್ಥ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾರೆ ಕೆಳಗಿಡಿಸಿ, ಅದೇ ಬೆಂಚಿನ ಮೇಲೆ ಕೂತು ಚಹಾ ಕುಡಿದು ಹೋದರು.