ಮದುವೆ ಪೂಜೆಗೆ ಫ್ರೆಂಚ್ ಪಿಯಾನೊ

ಕೇಳಿ ಮಾರಾಯ್ರೆ, ಇವತ್ತು ಕುಂಜತ್ತೂರು ಕಡೆಯ ಒಂದು ಚರ್ಚಿನ ಮದುವೆಯಲ್ಲಿ ಕೀಬೋರ್ಡ್ ನನ್ನದು. ಪೂಜೆಯಲ್ಲಿ ಪರಮಪ್ರಸಾದ ಹಂಚುವ ಹೊತ್ತಿಗೆ, ಸಿನೆಮಾಗಳಿಗೆ ಸಂಗೀತ ಕೊಡುವ ಫ್ರೆಂಚ್ ಪಿಯಾನೊ ವಾದಕನೊಬ್ಬನ ತುಣುಕನ್ನು ಮೆಲ್ಲ ಬಾರಿಸಿದೆ. ಚರ್ಚಿನಲ್ಲಿ ಸಿನೆಮಾ ಹಾಡೆಂದರೆ ಉರಿದುಬೀಳುವ ನಮ್ಮ ಗಾಯನ ಮಂಡಳಿಯ ಯಜಮಾನ ಲಾರೆನ್ಸಣ್ಣ ಪೂಜೆ ಮುಗಿದದ್ದೇ ಕಣ್ಣೊರೆಸಿಕೊಂಡು ಬಂದರು.

"ಎಂಥ ಭಕ್ತಿ ಮಾರಾಯ! ಯಾವ ಸಂತರು ಬರೆದದ್ದು?"

"ಸಂತರಲ್ಲ ಅಣ್ಣ, ಫ್ರಾನ್ಸಿನ ಸಿನೆಮಾದ್ದು."

ಅವರ ಮುಖ ಕೆಂಪಾಯಿತು. "ಆ ಸೀನಿನಲ್ಲಿ ಎಂತ ಉಂಟು?"

"ಹೆಂಡತಿ ಗಂಡನನ್ನು ಬಿಟ್ಟು ಹೋಗುವುದು."

ಫೋಟೋಕ್ಕೆ ನಿಂತಿದ್ದ ಮದುಮಕ್ಕಳನ್ನು ಒಮ್ಮೆ ನೋಡಿ, ನನ್ನ ಕಿವಿಯಲ್ಲಿ ಹೇಳಿದರು: "ಯಾರಿಗೂ ಹೇಳಬೇಡ. ನನ್ನ ಮಗಳ ಮದುವೆಗೂ ಅದೇ ಇರಲಿ. ಕೇಳಿದವರಿಗೆ ಯಾರೋ ಹಳೆಯ ಸಂತರದ್ದು ಅಂತ ಹೇಳುವ."

ರೋಮಿನಲ್ಲಿ ಸಂತ ಪದವಿ ಸಿಗಬೇಕಾದರೆ ಮೊದಲು ಸಾಯಬೇಕು. ನಮ್ಮ ಫ್ರೆಂಚ್ ಪುಣ್ಯಾತ್ಮನಿಗೆ ಕುಂಜತ್ತೂರಿನಲ್ಲಿ ಬದುಕಿರುವಾಗಲೇ ಸಿಕ್ಕಿತು.