ಪೋರ್ಚಿನ ಮೇಲೆ ಬೋರಲು ಹಾಕಿದ ಲೋಟ

ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲುಗಳೇ ಇಲ್ಲ. ರಾತ್ರಿ ಬಿದ್ದ ಹಿಮ ನುಂಗಿಬಿಟ್ಟಿತ್ತು. ಎಂಬತ್ತು ದಾಟಿದ ಕಪ್ಪು ಮುದುಕರೊಬ್ಬರು ಸಲಿಕೆ ಹಿಡಿದು ನಮ್ಮ ಮೆಟ್ಟಿಲನ್ನು ಹುಡುಕಿ ತೆಗೆಯುತ್ತಿದ್ದರು. ಕರೆದವರಿಲ್ಲ, ಕೂಲಿಯಿಲ್ಲ. ಪಕ್ಕದ ಮನೆಯ ವಾಲ್ಟರ್.

ಡೆಟ್ರಾಯಿಟ್‌ನಲ್ಲಿ ನರ್ಸಾಗಿರುವ ಮಗಳು ಸುಮಾಳ ಮಗುವನ್ನು ನೋಡಿಕೊಳ್ಳಲು ನಮ್ಮ ಹಳ್ಳಿ ಕಟ್ಟಾಯದಿಂದ ಬಂದವನು ನಾನು. ಬಂದಾಗಿನಿಂದ ರೇಗುವುದೇ ಕೆಲಸ. ಒಗ್ಗರಣೆ ಹಾಕಿದರೆ ಸೂರಿನ ಹೊಗೆ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಮಾತಿಗೆ ಸಿಕ್ಕವರು ವಾಲ್ಟರ್ ಒಬ್ಬರೇ.

ಜಗಲಿಗೆ ಇಲ್ಲಿ ಪೋರ್ಚ್ ಅನ್ನುತ್ತಾರೆ. ಹಿಮ ತೆಗೆದ ದಿನ ಅಲ್ಲೇ ಅವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ ಕೊಡುತ್ತಿದ್ದೆ. ಕುಡಿದಾದ ಮೇಲೆ ಲೋಟ ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದೆ. ಅವರು ತಮ್ಮ ಮನೆಗೆ ಕರೆದರೆ ಮಾತ್ರ ನನಗೆ ಹೊಟ್ಟೆ ಸರಿಯಿರುತ್ತಿರಲಿಲ್ಲ.

ಒಂದು ದಿನ ಅವರು ಬಾಲ್ಯದ ಕತೆ ಹೇಳಿದರು. ಈ ದೇಶದ ದಕ್ಷಿಣದಲ್ಲಿರುವ ಅವರೂರಿನ ಬಸ್ ನಿಲ್ದಾಣದಲ್ಲಿ ಬಿಳಿಯರಿಗೊಂದು ನಲ್ಲಿ, ಇವರಿಗೊಂದು ನಲ್ಲಿ. ಅಪ್ಪ ಎಲ್ಲರನ್ನೂ ರೈಲು ಹತ್ತಿಸಿಕೊಂಡು ಇಲ್ಲಿನ ಕಾರು ಕಾರ್ಖಾನೆಗೆ ಬಂದರು. ವಾಲ್ಟರ್‌ರನ್ನು ಸರ್ಕಾರ ವಿಯೆಟ್ನಾಂ ಯುದ್ಧಕ್ಕೆ ಕಳಿಸಿತು. ಬದುಕಿ ಬಂದು ಅದೇ ಕಾರ್ಖಾನೆ ಸೇರಿದರು. ಅದೂ ಮುಚ್ಚಿತು.

ನನಗೆ ರಕ್ತ ಕುದಿಯಿತು. ಹೈಸ್ಕೂಲಿನ ಇಂಗ್ಲಿಷಿನಲ್ಲಿ, "ಎಂಥ ಕೆಟ್ಟ ಜನ!" ಎಂದೆ.

ವಾಲ್ಟರ್ ಕೈಯಲ್ಲಿದ್ದ ಲೋಟ ನೋಡಿದರು. "ಇದು ಯಾಕೆ ಯಾವಾಗಲೂ ಹೊರಗೇ ಇರುತ್ತದೆ?"

"ಶುದ್ಧವಾಗಿದೆ. ನಿಮಗೆಂದೇ ಇಟ್ಟಿದ್ದೇನೆ."

"ಆ ನಲ್ಲಿಯೂ ಶುದ್ಧವಾಗಿಯೇ ಇತ್ತು." ಲೋಟ ಕೆಳಗಿಟ್ಟು ಹೊರಟುಹೋದರು.

ಕಟ್ಟಾಯದ ನಮ್ಮ ಮನೆಯ ಹೊರಗೋಡೆಯಲ್ಲೊಂದು ಗೂಡಿದೆ. ಗದ್ದೆ ಕೆಲಸದ ಜವರಯ್ಯನ ಲೋಟ ಅದರಲ್ಲಿ. ಕುಡಿದು, ತಾನೇ ತೊಳೆದು, ಬೋರಲು ಹಾಕುತ್ತಾನೆ. ನಾನು ವಿಮಾನದಲ್ಲಿ ಆ ಗೂಡನ್ನೂ ಹೊತ್ತು ತಂದಿದ್ದೆ.

ವಿಷಯ ತಿಳಿದು ಸುಮಾ ಕಿಡಿಕಿಡಿಯಾದಳು. "ಏನ್ ಮಾಡ್ಬುಟ್ಟೆ ಅಪ್ಪಾ? ನೀನ್ ಬರಾಗಂಟ ನನ್ ಮಗೂನ ನೋಡ್ಕಂಡಿದ್ದು ಅವ್ರೇ ಕಣಪ್ಪ! ನಾಳೆ ನೀನ್ ಊರಿಗ್ ಓದ್ಮೇಲೆ ಯಾವ್ ಮಕ ಒತ್ಕಂಡು ಅವ್ರ ಬಾಗ್ಲಿಗೆ ಓಗ್ಲಿ?"

ಮುಂದಿನ ಹಿಮಕ್ಕೂ ವಾಲ್ಟರ್ ನಮ್ಮ ಮೆಟ್ಟಿಲು ತೆಗೆದರು. ಕಾಫಿಗೆ ನಿಲ್ಲಲಿಲ್ಲ. ಅದೇ ನನ್ನನ್ನು ಇರಿದದ್ದು. ಹಿಂದೆಯೇ ಹೋಗಿ ಅವರ ಬಾಗಿಲು ತಟ್ಟಿದೆ. "ತಪ್ಪಾಯಿತು. ನಿಮ್ಮ ಮನೆಯಲ್ಲಿ ಕಾಫಿ ಸಿಗುತ್ತದೆಯೇ?"

ಅವರು ಬಾಗಿಲು ತೆರೆದು, "ಹೊಟ್ಟೆ ಹೇಗಿದೆ?" ಎಂದರು. ಒಳಗೆ ಕರೆದು ಕಷಾಯದಂಥ ಹಾಲಿಲ್ಲದ ಕಾಫಿ ಕೊಟ್ಟರು. ಪೂರಾ ಕುಡಿದೆ.

ಅಂದೇ ಊರಲ್ಲಿರುವ ನನ್ನ ತಮ್ಮ ರಂಗನಿಗೆ ಫೋನ್ ಮಾಡಿ, ಜವರಯ್ಯನ ಲೋಟ ಒಳಗೆ ತಗೊಳ್ಳೋ ಎಂದೆ. ನಕ್ಕ. "ಅಮೇರಿಕಾ ನೀರ್ ಕುಡ್ದು ಬುದ್ಧಿ ಏಳಕ್ ಬಂದ್ಯಾ? ನೀನೇ ಬಂದು ತಗಾ ಕಣಣ್ಣ."

ರೇಗಿತು. ಆದರೆ ಯಾರ ಮೇಲೆ ರೇಗಲಿ? ಬೇಸಿಗೆಗೆ ಊರಿಗೆ ಹೊರಡುತ್ತೇನೆ. ಊರು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆ ಗೂಡು ನೆನೆದರೆ ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ. ಡೆಟ್ರಾಯಿಟ್ ತನಕ ಬಂದವನು ನಾನು, ನಮ್ಮ ಗದ್ದೆಯಾಚೆಯ ಜವರಯ್ಯನ ಮನೆಯನ್ನು ಇನ್ನೂ ಒಳಗಿನಿಂದ ನೋಡಿಲ್ಲ.